ಕಾಣದ ಕಿರಣಕ್ಕೆ ಸಾಕ್ಷಿ ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳು ಇಂದು ಹಲವು ಹೊಸ ತಾಲ್ಲೂಕುಗಳಾಗಿ ಒಡೆದಿವೆ. ಘಟ್ಟದ ಮೇಲಿನ ಜನರಿಗೆ ಆ ಸೀಮೆ ದೂರದ್ದು. ಅಲ್ಲಿನ ಬಿಸಿಲು, ಡೋಣಿ ದಂಡೆಯ ಎರೆಮಣ್ಣು, ಮಳೆಗಾಗಿ ಮುಗಿಲು ನೋಡುವ ಬದುಕು ಮಲೆನಾಡಿನವರ ಅನುಭವಕ್ಕೆ ನಿಲುಕುವಂಥದ್ದಲ್ಲ. ಆದರೆ ಆ ಸೀಮೆಯ ಫಲ ಮಲೆನಾಡಿನ ಅಡುಗೆಮನೆಗೆ ಅಪರಿಚಿತವಲ್ಲ. ಇಂಡಿ ಮತ್ತು ಸಿಂದಗಿಯ ಲಿಂಬೆ, ಮುದ್ದೇಬಿಹಾಳದ ತೊಗರಿ, ಬಾಗೇವಾಡಿ ಭಾಗದ ಉಳ್ಳಾಗಡ್ಡಿ, ಜಿಲ್ಲೆಯುದ್ದಕ್ಕೂ ಒಣಗುವ ದ್ರಾಕ್ಷಿ, ಇವೆಲ್ಲ ಲಾರಿಯೇರಿ ಘಟ್ಟ ಹತ್ತುತ್ತವೆ. ಅಲ್ಲಿ ಉಳ್ಳಾಗಡ್ಡಿಯೆನಿಸಿಕೊಂಡದ್ದು ಇಲ್ಲಿ ನೀರುಳ್ಳಿಯಾಗುತ್ತದೆ. ಹೆಸರು ಬದಲಾದರೂ ಗಡ್ಡೆ ಅದೇ. ಅದರ ಸಿಪ್ಪೆಗೆ ಅಂಟಿದ ಕಪ್ಪು ಧೂಳೂ ಅದೇ.

ಇಂತಹ ಎರಡು ಗಡ್ಡೆಗಳನ್ನು ಒಂದು ತಟ್ಟೆಯಲ್ಲಿ ಇರಿಸಲಾಗಿದೆ ಎಂದು ಭಾವಿಸೋಣ. ಒಂದು ಹೊಲದಿಂದ ನೇರವಾಗಿ ಬಂದದ್ದು. ಇನ್ನೊಂದು ನಡುವೆ ಎಲ್ಲೋ ಗಾಮಾ ಕಿರಣಗಳ ಕೋಣೆಯನ್ನು ಹಾದು ಬಂದದ್ದು. ಬಣ್ಣ, ವಾಸನೆ, ತೂಕ, ರುಚಿ ಯಾವುದರಲ್ಲಿಯೂ ಭೇದವಿಲ್ಲ. ಕೊಳ್ಳುವ ಗೃಹಿಣಿಗೆ ಭೇದ ತಿಳಿಯದು, ಮಾರುವ ವ್ಯಾಪಾರಿಗೂ ತಿಳಿಯದು, ಬೆಳೆದ ರೈತನಿಗೆ ತಾನು ಮಾರಿದ ಮೇಲೆ ಅದಕ್ಕೇನಾಯಿತೆಂಬುದು ತಿಳಿಯುವುದೇ ಇಲ್ಲ. ಹಾಗಾದರೆ ಭೇದವನ್ನು ಹೇಳಬಲ್ಲವರು ಯಾರು? ಚೀಲದ ಮೇಲಿನ ಚೀಟಿಯೇ? ಚೀಟಿ ಸುಳ್ಳಾದರೆ ಅಥವಾ ಚೀಟಿಯೇ ಇಲ್ಲದಿದ್ದರೆ?

ಈ ಪ್ರಶ್ನೆಯನ್ನು ಇಂದು ಎತ್ತಲು ಕಾರಣವಿದೆ. 2024ರ ಕೇಂದ್ರ ಮುಂಗಡಪತ್ರದಲ್ಲಿ ದೇಶದಲ್ಲಿ 50 ಬಹುಪಯೋಗಿ ಆಹಾರ ವಿಕಿರಣ ಘಟಕಗಳ ಸ್ಥಾಪನೆಗೆ ನೆರವು ಘೋಷಿಸಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರವು ತನ್ನ ಕಾಪು ದಾಸ್ತಾನಿನ ಈರುಳ್ಳಿಯನ್ನು ದೊಡ್ಡ ಪ್ರಮಾಣದಲ್ಲಿ ವಿಕಿರಣಕ್ಕೆ ಒಳಪಡಿಸುವ ಆಲೋಚನೆಯನ್ನೂ ಪ್ರಕಟಿಸಿತು. 2025ರ ಜುಲೈ 31ರಂದು ಕೇಂದ್ರ ಸಚಿವ ಸಂಪುಟವು ಈ 50 ಘಟಕಗಳಿಗೂ 100 ಆಹಾರ ಪರೀಕ್ಷಾ ಪ್ರಯೋಗಾಲಯಗಳಿಗೂ ಸೇರಿ 1000 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿತು. ಘಟಕ ಮತ್ತು ಪ್ರಯೋಗಾಲಯ ಎರಡೂ ಒಂದೇ ನಿರ್ಣಯದಲ್ಲಿ ಬಂದಿರುವುದು ಒಳ್ಳೆಯ ಅವಕಾಶ. ಕಿರಣ ಹಾಯಿಸುವ ಸಾಮರ್ಥ್ಯದ ಜೊತೆಗೆ ಕಿರಣ ಹಾಯ್ದುದನ್ನು ಕಂಡುಹಿಡಿಯುವ ಸಾಮರ್ಥ್ಯವೂ ಬೆಳೆಯಬೇಕು. ಒಂದು ಬೆಳೆದು ಇನ್ನೊಂದು ಹಿಂದುಳಿದರೆ ಗ್ರಾಹಕನ ತಿಳಿಯುವ ಹಕ್ಕು ಕಾಗದದ ಮೇಲಿನ ಹಕ್ಕಾಗಿಯೇ ಉಳಿಯುತ್ತದೆ.

ಎರಡು ಭಯಗಳನ್ನು ಬೇರ್ಪಡಿಸಬೇಕು

ಕೈಗಾದ ನೆರಳಿನಲ್ಲಿ ಬದುಕುವ ಮಲೆನಾಡಿನಲ್ಲಿ ‘ವಿಕಿರಣ’ ಎಂಬ ಶಬ್ದವೇ ಎದೆ ನಡುಗಿಸುತ್ತದೆ. ಅದು ಸಹಜ. ಆದರೆ ಭಯಕ್ಕೂ ವಿವೇಕ ಬೇಕು. ವಿಕಿರಣಶೀಲ ವಸ್ತು ಬೆರೆತ ಆಹಾರ ಒಂದು, ವಿಕಿರಣಕ್ಕೆ ಒಡ್ಡಿದ ಆಹಾರ ಇನ್ನೊಂದು. 1986ರ ಚೆರ್ನೋಬಿಲ್ ದುರಂತದ ನಂತರ ಯುರೋಪಿನ ಹಾಲು, ಸೊಪ್ಪು, ಅಣಬೆಗಳಲ್ಲಿ ಸೀಸಿಯಂ ಸೇರಿಕೊಂಡಿತು. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಯಂತ್ರದಲ್ಲಿ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿತು, ಮೂತ್ರ ಪರೀಕ್ಷೆಯಲ್ಲಿ ಅದು ಬಯಲಾಯಿತು. ಇವು ಮೊದಲನೆಯ ಬಗೆಯವು. ಇಲ್ಲಿ ವಸ್ತುವೇ ಒಳಗೆ ಕುಳಿತು ಕಿರಣ ಸೂಸುತ್ತಿರುತ್ತದೆ, ತಕ್ಕ ಮಾಪಕವಿದ್ದರೆ ಅದನ್ನು ಅಳೆಯಬಹುದು.

ಎರಡನೆಯದು ಬೇರೆ. ಕೋಬಾಲ್ಟ್-60 ಇರುವ ಗೋಡೆಗಟ್ಟಿದ ಕೋಣೆಯಲ್ಲಿ ಉಳ್ಳಾಗಡ್ಡಿಯ ಚೀಲಗಳು ನಿಗದಿತ ಹೊತ್ತು ಸಾಗಿ ಹೊರಬರುತ್ತವೆ. ಕೋಬಾಲ್ಟ್ ಆಹಾರವನ್ನು ಮುಟ್ಟುವುದಿಲ್ಲ. ಅದರ ಗಾಮಾ ಕಿರಣಗಳಿಗೆ ಉಳ್ಳಾಗಡ್ಡಿಯನ್ನು ವಿಕಿರಣಶೀಲಗೊಳಿಸುವಷ್ಟು ಶಕ್ತಿಯಿಲ್ಲ. ಬಿಸಿಲಿಗೆ ಒಣಗಿದ ಹಪ್ಪಳವು ರಾತ್ರಿ ಬೆಳಕು ಸೂಸದಂತೆಯೇ ಇದು. ಆದ್ದರಿಂದ ಗೈಗರ್ ಮಾಪಕವನ್ನು ಅಂತಹ ಚೀಲದ ಮೇಲೆ ಹಿಡಿದರೆ ಅದು ಏನನ್ನೂ ಹೇಳುವುದಿಲ್ಲ. ಈ ಮೌನವೇ ಪತ್ತೆಯ ಸಮಸ್ಯೆಯ ಮೂಲ. ತಿನ್ನುವವನಿಗೆ ಕಿರಣದಿಂದ ನೇರ ಅಪಾಯವಿಲ್ಲದಿರುವ ಕಾರಣವೇ ಕಿರಣ ಹಾಯ್ದುದನ್ನು ಗುರುತಿಸುವುದೂ ಕಠಿಣ.

ಪ್ರಮಾಣವೂ ಅತ್ಯಲ್ಪ. ವಿಕಿರಣದ ಅಳತೆ ಗ್ರೇ. ಒಂದು ಕಿಲೋ ವಸ್ತು ಒಂದು ಜೂಲ್ ಶಕ್ತಿ ಹೀರಿದರೆ ಒಂದು ಗ್ರೇ. ಉಳ್ಳಾಗಡ್ಡಿ, ಆಲೂಗಡ್ಡೆ ಮೊಳೆಯದಂತೆ ತಡೆಯಲು ಭಾರತದ ನಿಯಮ ಒಪ್ಪುವ ಗರಿಷ್ಠ ಪ್ರಮಾಣ 0.2 ಕಿಲೋಗ್ರೇ, ಅಂದರೆ ಕಿಲೋಗೆ 200 ಜೂಲ್. ಇಷ್ಟು ಶಕ್ತಿ ನೀರಿಗೆ ಹೋದರೆ ಅದರ ಉಷ್ಣತೆ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ ಏರುತ್ತದೆ. ಕೈಗೆ ಬಿಸಿ ತಾಗದು, ಕಣ್ಣಿಗೆ ಗುರುತು ಕಾಣದು. ಆದರೆ ಗಡ್ಡೆಯ ಒಳಗಿನ ಮೊಳಕೆಯ ಜೀವಕೋಶಗಳು ವಿಭಜಿಸುವ ಶಕ್ತಿ ಕಳೆದುಕೊಂಡಿರುತ್ತವೆ.

ಅನುಮತಿಯ ಇತಿಹಾಸ

ಭಾರತದಲ್ಲಿ ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಆಹಾರ ವಿಕಿರಣದ ನಿಯಂತ್ರಣಕ್ಕೆ 1991ರಲ್ಲಿ ಪರಮಾಣು ಶಕ್ತಿ ಕಾಯ್ದೆಯಡಿ ನಿಯಮಗಳು ಬಂದವು. 1994ರಲ್ಲಿ ಈರುಳ್ಳಿ, ಆಲೂಗಡ್ಡೆ ಮತ್ತು ಮಸಾಲೆ ಪದಾರ್ಥಗಳಿಗೆ ಅನುಮತಿ ದೊರೆಯಿತು. 1998ರಲ್ಲಿ ಒಣದ್ರಾಕ್ಷಿ, ಅಂಜೂರ, ಖರ್ಜೂರ ಮುಂತಾದವು ಸೇರಿದವು. 2000ದಲ್ಲಿ ನವಿ ಮುಂಬಯಿಯ ವಾಶಿಯಲ್ಲಿ ಮಸಾಲೆಗಳಿಗಾಗಿ, 2002ರಲ್ಲಿ ನಾಸಿಕ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಮುಖ್ಯವಾಗಿ ಈರುಳ್ಳಿಗಾಗಿ ಘಟಕಗಳು ಆರಂಭವಾದವು. 2007ರಲ್ಲಿ ಲಾಸಲಗಾಂವ್ ಘಟಕದಲ್ಲಿ ಕಿರಣ ಹಾಯಿಸಿದ ಮಾವು ಅಮೆರಿಕಕ್ಕೆ ಹೋಯಿತು. ಕರ್ನಾಟಕದಲ್ಲಿಯೂ ಮಾಲೂರಿನಲ್ಲಿ ಇಂತಹ ಘಟಕವಿದೆ. 2012ರ ಹೊಸ ನಿಯಮಗಳು ಹಾಗೂ 2016ರ ಆಹಾರ ಸುರಕ್ಷತಾ ಪ್ರಾಧಿಕಾರದ ತಿದ್ದುಪಡಿಯ ನಂತರ ಒಂದೊಂದು ಪದಾರ್ಥಕ್ಕೆ ಬಿಡಿಬಿಡಿಯಾಗಿ ಅನುಮತಿ ಕೊಡುವ ಪದ್ಧತಿ ಹೋಗಿ, ಗಡ್ಡೆಗಳು, ತಾಜಾ ಹಣ್ಣು ತರಕಾರಿ, ಧಾನ್ಯ ಬೇಳೆ, ಮಸಾಲೆ ಹೀಗೆ ವರ್ಗವಾರು ಅನುಮತಿ ಬಂದಿದೆ. ಆ ನಾಲ್ಕು ತಾಲ್ಲೂಕುಗಳ ಉಳ್ಳಾಗಡ್ಡಿ, ಲಿಂಬೆ, ತೊಗರಿ, ಒಣದ್ರಾಕ್ಷಿ ಎಲ್ಲವೂ ಇಂದು ಕಾನೂನಿನ ಬಾಗಿಲೊಳಗೆ ಇವೆ. ಮಲೆನಾಡಿನ ಕಾಳುಮೆಣಸು, ಏಲಕ್ಕಿ, ಅರಿಶಿನವೂ ಇವೆ. ಮಸಾಲೆಗಳ ಸೂಕ್ಷ್ಮಜೀವಿ ನಾಶಕ್ಕೆ ನಿಯಮ ಒಪ್ಪುವ ಪ್ರಮಾಣ 6ರಿಂದ 14 ಕಿಲೋಗ್ರೇ, ಈರುಳ್ಳಿಗಿಂತ ಹಲವು ಹತ್ತು ಪಟ್ಟು ಹೆಚ್ಚು.

ಸುರಕ್ಷತೆಯ ಕುರಿತು ವಾದ ವಿವಾದ ನಡೆದೇ ಇದೆ. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು, ಆಗತಾನೆ ಕಿರಣ ಹಾಯಿಸಿದ ಗೋಧಿಯನ್ನು ತಿಂದ ಅಪೌಷ್ಟಿಕ ಮಕ್ಕಳ ರಕ್ತಕಣಗಳಲ್ಲಿ ವರ್ಣತಂತುಗಳ ವ್ಯತ್ಯಾಸ ಕಂಡುದಾಗಿ ಪ್ರಕಟಿಸಿದರು. ಪ್ರತಿ ಗುಂಪಿನಲ್ಲಿ ಐದೇ ಮಕ್ಕಳಿದ್ದ ಆ ಅಧ್ಯಯನದ ತೀರ್ಮಾನವನ್ನು ಸರ್ಕಾರ ನೇಮಿಸಿದ ಸಮಿತಿ ಒಪ್ಪಲಿಲ್ಲ. 1980ರಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 10 ಕಿಲೋಗ್ರೇವರೆಗೆ ಕಿರಣ ಹಾಯಿಸಿದ ಆಹಾರದಿಂದ ವಿಷಕಾರಿ ಅಪಾಯವಿಲ್ಲವೆಂದು ಹೇಳಿತು. ಇಂದು ಬಹುಪಾಲು ವೈಜ್ಞಾನಿಕ ಸಂಸ್ಥೆಗಳ ಅಭಿಪ್ರಾಯವೂ ಅದೇ. ಕಿರಣದ ಪರವಾಗಿ ಒಂದು ಬಲವಾದ ಮಾತೂ ಇದೆ. 2024ರಲ್ಲಿ ಎಥಿಲೀನ್ ಆಕ್ಸೈಡ್ ಅಂಶ ಕಂಡುಬಂದ ಕಾರಣ ಹಾಂಗ್‌ಕಾಂಗ್ ಮತ್ತು ಸಿಂಗಾಪುರ ಭಾರತದ ಕೆಲವು ಮಸಾಲೆಗಳನ್ನು ತಡೆದವು. ಅಂತಹ ವಿಷಾನಿಲಕ್ಕೆ ಹೋಲಿಸಿದರೆ ಗಾಮಾ ಕಿರಣ ಯಾವ ಶೇಷವನ್ನೂ ಉಳಿಸದ ವಿಧಾನ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ.

ಆದ್ದರಿಂದ ಇಲ್ಲಿನ ಪ್ರಶ್ನೆ ಕಿರಣ ಬೇಕೇ ಬೇಡವೇ ಎಂಬುದಲ್ಲ. ಕಿರಣ ಹಾಯ್ದುದನ್ನು ಹೇಳಬೇಕೆಂದು ಕಾನೂನು ವಿಧಿಸಿದ ಮೇಲೆ, ಹೇಳದವರನ್ನು ಹಿಡಿಯುವ ಬಗೆ ಯಾವುದು ಎಂಬುದು ಪ್ರಶ್ನೆ.

ಧೂಳು, ಸಕ್ಕರೆ, ಬೀಜ

ವಿಜ್ಞಾನ ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಆ ಉತ್ತರದ ಸೊಗಸೆಂದರೆ, ಸಾಕ್ಷ್ಯ ಅನೇಕ ಸಲ ಆಹಾರಕ್ಕೆ ಅಂಟಿದ ಮಣ್ಣಿನಲ್ಲಿಯೇ ಅಡಗಿರುತ್ತದೆ.

ಗಡ್ಡೆಯ ಸಿಪ್ಪೆಗೆ, ಮೆಣಸಿನ ಕಾಳಿನ ಸುಕ್ಕಿಗೆ ಅಂಟಿದ ಧೂಳಿನಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮುಂತಾದ ಸಿಲಿಕೇಟ್ ಖನಿಜಗಳ ಸೂಕ್ಷ್ಮ ಕಣಗಳಿರುತ್ತವೆ. ಕಿರಣ ಹಾಯ್ದಾಗ ಈ ಕಣಗಳು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವನ್ನು ಬೇರ್ಪಡಿಸಿ ಕಾಯಿಸಿದರೆ, ಹಿಡಿದಿಟ್ಟ ಶಕ್ತಿ ಮಂದ ಬೆಳಕಾಗಿ ಹೊರಬರುತ್ತದೆ. ಇದಕ್ಕೆ ಉಷ್ಣದೀಪ್ತಿ ಎಂದು ಹೆಸರು. ಪುರಾತತ್ವಜ್ಞರು ಹಳೆಯ ಮಡಕೆಯ ಚೂರುಗಳ ವಯಸ್ಸು ತಿಳಿಯಲು ಬಳಸುವ ತತ್ವವೂ ಇದೇ. ಮೊದಲ ಸಲ ಹೊರಟ ಬೆಳಕನ್ನು ಅಳೆದು, ಅದೇ ಕಣಗಳಿಗೆ ಗೊತ್ತಾದ ಪ್ರಮಾಣದ ಕಿರಣ ಕೊಟ್ಟು, ಮತ್ತೆ ಕಾಯಿಸಿ ಎರಡನೆಯ ಬೆಳಕನ್ನು ಅಳೆದು, ಎರಡರ ಅನುಪಾತ ನೋಡುತ್ತಾರೆ. ಹೊಲದ ಮಣ್ಣು ಸಹಜವಾಗಿ ಹಿಡಿದಿಟ್ಟ ಶಕ್ತಿಗೂ ಕೋಬಾಲ್ಟಿನ ಕೋಣೆ ಕೊಟ್ಟ ಶಕ್ತಿಗೂ ಇರುವ ಅಂತರ ಹೀಗೆ ಬೆಳಕಿಗೆ ಬರುತ್ತದೆ. ಕಾಯಿಸುವ ಬದಲು ಅವಗೆಂಪು ಬೆಳಕಿನಿಂದ ಪ್ರಚೋದಿಸಿ ಒಂದೆರಡು ನಿಮಿಷಗಳಲ್ಲಿ ಮೊದಲ ಶೋಧನೆ ಮಾಡುವ ಉಪಕರಣಗಳೂ ಇವೆ. ಅಲ್ಲಿ ಅನುಮಾನ ಬಂದರೆ ಉಷ್ಣದೀಪ್ತಿಯಿಂದ ಖಚಿತಪಡಿಸಿಕೊಳ್ಳಬೇಕು.

ಒಣದ್ರಾಕ್ಷಿಗೆ ಬೇರೆ ದಾರಿ ಇದೆ. ಒಣಗಿದ ಹಣ್ಣಿನಲ್ಲಿ ಸಕ್ಕರೆ ಹರಳುಗಟ್ಟಿರುತ್ತದೆ. ಕಿರಣ ಹಾಯ್ದಾಗ ಆ ಹರಳುಗಳಲ್ಲಿ ಜೋಡಿ ಕಳೆದುಕೊಂಡ ಇಲೆಕ್ಟ್ರಾನುಗಳು ಸಿಕ್ಕಿಬಿದ್ದು ಬಹುಕಾಲ ಉಳಿಯುತ್ತವೆ. ಇಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ವಿಧಾನದಲ್ಲಿ ಅವುಗಳ ಗುರುತು ಸಿಗುತ್ತದೆ. ಒಣದ್ರಾಕ್ಷಿ, ಒಣ ಅಂಜೂರ, ಒಣ ಮಾವು, ಒಣ ಪಪ್ಪಾಯಿಗಳಿಗೆ ಯುರೋಪಿನಲ್ಲಿ ಇದು ಪ್ರಮಾಣೀಕೃತ ವಿಧಾನ. ಮೂಳೆ ಇರುವ ಮಾಂಸ ಮೀನಿಗೆ, ಸೆಲ್ಯುಲೋಸ್ ಇರುವ ಸಿಪ್ಪೆ ಬೀಜಗಳಿಗೆ ಇದೇ ವಿಧಾನದ ಬೇರೆ ರೂಪಗಳಿವೆ. ಕೊಬ್ಬಿನಂಶದ ಆಹಾರದಲ್ಲಿ ಕಿರಣದಿಂದ ಹುಟ್ಟುವ ವಿಶಿಷ್ಟ ಸಂಯುಕ್ತಗಳನ್ನು ಹುಡುಕುತ್ತಾರೆ. ಕಾಳುಗಳಲ್ಲಿ ಜೀವಕೋಶದ ಡಿ.ಎನ್.ಎ. ತುಂಡಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇದೆ. ತುಂಡಾದ ಡಿ.ಎನ್.ಎ. ವಿದ್ಯುತ್ ಕ್ಷೇತ್ರದಲ್ಲಿ ಧೂಮಕೇತುವಿನ ಬಾಲದಂತೆ ಹರಡಿ ಕಾಣುತ್ತದೆ.

ಲಿಂಬೆಯ ವಿಷಯದಲ್ಲಿ ಅತ್ಯಂತ ಸರಳವಾದ ಸಾಕ್ಷಿ ಅದರ ಬೀಜ. ಕಿತ್ತಳೆ ಲಿಂಬೆಗಳ ಜಾತಿಯ ಹಣ್ಣಿನ ಬೀಜದ ಸಿಪ್ಪೆ ಸುಲಿದು, ಒಳಗಿನ ಭ್ರೂಣದ ಅರ್ಧವನ್ನು ತೇವದಲ್ಲಿ ಬೆಚ್ಚಗಿಟ್ಟರೆ ಕೆಲವೇ ದಿನಗಳಲ್ಲಿ ಬೇರು, ಚಿಗುರು ಒಡೆಯುತ್ತದೆ. ಕಿರಣ ಹಾಯ್ದ ಹಣ್ಣಿನ ಬೀಜದಲ್ಲಿ ಬೇರು ಮುರುಟುತ್ತದೆ, ಚಿಗುರು ಏಳುವುದಿಲ್ಲ. ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆಯ ವಿಧಾನವಾಗಿ ರೂಪಿಸಿದರು.

ಈ ವಿಧಾನಗಳಲ್ಲಿ ಹತ್ತನ್ನು ಯುರೋಪಿನ ಮಾನಕ ಸಂಸ್ಥೆ ಅಂಗೀಕರಿಸಿದೆ. 2001ರಲ್ಲಿ ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಕೂಡ ಪತ್ತೆಯ ವಿಧಾನಗಳ ಸಾಮಾನ್ಯ ಮಾನಕವನ್ನು ಅಂಗೀಕರಿಸಿತು. ವಿಧಾನವೇ ಇಲ್ಲವೆಂಬ ನೆಪಕ್ಕೆ ಅಂದಿನಿಂದ ಜಾಗವಿಲ್ಲ.

ವಿಧಾನಗಳ ಮಿತಿ

ಆದರೆ ಯಾವ ಒಂದು ಪರೀಕ್ಷೆಯೂ ಎಲ್ಲ ಆಹಾರಕ್ಕೆ ಒಗ್ಗದು. ತೊಳೆದ ಗಡ್ಡೆಯಲ್ಲಿ ಧೂಳು ಉಳಿಯದಿದ್ದರೆ ಉಷ್ಣದೀಪ್ತಿಗೆ ಸಾಕ್ಷಿಯೇ ಇಲ್ಲ. ಒಣದ್ರಾಕ್ಷಿಯಲ್ಲಿ ಸಕ್ಕರೆ ಹರಳುಗಟ್ಟಿರದಿದ್ದರೆ ಅನುರಣನದ ಗುರುತು ಸಿಗದು. ಆದ್ದರಿಂದ ಗುರುತು ಸಿಗಲಿಲ್ಲವೆಂದ ಮಾತ್ರಕ್ಕೆ ಕಿರಣ ಹಾಯ್ದಿಲ್ಲವೆಂದು ಸಾರಲಾಗದು. ಡಿ.ಎನ್.ಎ. ಕಾಯಿಸಿದರೂ, ಹೆಪ್ಪುಗಟ್ಟಿ ಕರಗಿದರೂ ತುಂಡಾಗುತ್ತದೆ. ಬೀಜ ಮೊಳೆಯದಿರಲು ಹಳತಾಗಿರುವುದೂ ಕಾರಣವಾಗಬಹುದು. ಉಳ್ಳಾಗಡ್ಡಿಗೆ ಕೊಡುವಂತಹ ಅಲ್ಪ ಪ್ರಮಾಣದ ಕಿರಣವನ್ನು ಹಿಡಿಯುವುದು ಮಸಾಲೆಯ ದೊಡ್ಡ ಪ್ರಮಾಣವನ್ನು ಹಿಡಿಯುವುದಕ್ಕಿಂತ ಕಷ್ಟ. ಕಿರಣ ಹಾಯ್ದ ಮೆಣಸಿನ ಪುಡಿ ಸ್ವಲ್ಪವೇ ಬೆರೆತ ಮಿಶ್ರಣದಲ್ಲಿ ಫಲಿತಾಂಶ ಗೊಂದಲಮಯವಾಗುತ್ತದೆ.

ಇದರಿಂದ ಹೊರಡುವ ತೀರ್ಮಾನ ಒಂದೇ. ಪತ್ತೆಯೆಂದರೆ ಅಂಗಡಿಯಲ್ಲಿ ಕೊಳ್ಳುವ ಒಂದು ಪೆಟ್ಟಿಗೆಯಲ್ಲ. ಯಾವ ಆಹಾರಕ್ಕೆ ಯಾವ ಪರೀಕ್ಷೆ ಎಂದು ಬಲ್ಲ ತಜ್ಞರು, ಒಂದಕ್ಕೆ ಒಂದನ್ನು ತಾಳೆ ನೋಡುವ ಉಪಕರಣಗಳು, ಹೋಲಿಕೆಗಾಗಿ ಆಯಾ ಪ್ರದೇಶದ ಕಿರಣ ಹಾಯದ ಮಾದರಿಗಳ ಸಂಗ್ರಹ, ಇವೆಲ್ಲ ಕೂಡಿದ ವ್ಯವಸ್ಥೆ ಅದು. ಡೋಣಿ ದಂಡೆಯ ಎರೆಮಣ್ಣಿನ ಧೂಳು ನಾಸಿಕದ ಧೂಳಿನಂತೆಯೇ ವರ್ತಿಸುವುದೆಂದು ಮೊದಲೇ ಭಾವಿಸುವುದು ಸರಿಯಲ್ಲ. ಆಯಾ ಊರಿನ ಮಾದರಿಯಿಂದಲೇ ಅದನ್ನು ಅಳೆದು ನೋಡಬೇಕು. ಇಂತಹ ವ್ಯವಸ್ಥೆ ಘಟಕ ಕಟ್ಟಿದ ಹತ್ತು ವರ್ಷಗಳ ಅನಂತರ ಹುಟ್ಟಿದರೆ ಪ್ರಯೋಜನವಿಲ್ಲ.

ಕಾಗದ ಮತ್ತು ಫಲ

2025ರ ಮೇ ತಿಂಗಳಲ್ಲಿ ನಡೆದ ಒಂದು ಘಟನೆ ಕಣ್ಣು ತೆರೆಸುವಂಥದ್ದು. ನವಿ ಮುಂಬಯಿಯಲ್ಲಿ ಕಿರಣ ಹಾಯಿಸಿ ವಿಮಾನದಲ್ಲಿ ಕಳುಹಿಸಿದ ಮಾವಿನ ಸುಮಾರು 15 ಸರಕುಗಳನ್ನು ಅಮೆರಿಕದ ಅಧಿಕಾರಿಗಳು ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ವಿಮಾನ ನಿಲ್ದಾಣಗಳಲ್ಲಿ ನಿರಾಕರಿಸಿದರು. ಹಣ್ಣಿನಲ್ಲಿ ಹುಳು ಕಂಡುದರಿಂದಲ್ಲ, ಕಿರಣ ಹಾಯಿಸಿದ್ದನ್ನು ದೃಢೀಕರಿಸುವ ದಾಖಲೆ ಸರಿಯಿಲ್ಲವೆಂಬ ಕಾರಣಕ್ಕೆ. ಹಿಂದಕ್ಕೆ ತರುವ ವೆಚ್ಚವೇ ಹೆಚ್ಚೆಂದು ರಫ್ತುದಾರರು ಹಣ್ಣನ್ನು ಅಲ್ಲಿಯೇ ನಾಶಪಡಿಸಬೇಕಾಯಿತು. ಕಿರಣದ ಲೋಕದಲ್ಲಿ ಸತ್ಯವೆಲ್ಲ ಕಾಗದದ ಮೇಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ರಫ್ತಿನ ಹಣ್ಣಿಗೆ ಕಾಗದವನ್ನು ಕೇಳುವ ಕಟ್ಟುನಿಟ್ಟಿನ ಅಧಿಕಾರಿಯಾದರೂ ಇದ್ದಾನೆ. ದೇಶದೊಳಗಿನ ಸಂತೆಯಲ್ಲಿ ಆ ಕಾಗದವೂ ಇಲ್ಲ. ಕಿರಣ ಹಾಯ್ದ ಆಹಾರದ ಪೊಟ್ಟಣದ ಮೇಲೆ ಆ ಕುರಿತ ಘೋಷಣೆ, ಕಿರಣ ಹಾಯಿಸಿದ ದಿನಾಂಕ, ‘ರಾಡುರಾ’ ಎಂಬ ಹಸಿರು ಚಿಹ್ನೆ ಇರಬೇಕೆಂದು ನಿಯಮ ಹೇಳುತ್ತದೆ. ಆದರೆ ಉಳ್ಳಾಗಡ್ಡಿ ಪೊಟ್ಟಣದಲ್ಲಿ ಬರುವ ಪದಾರ್ಥವೇ? ಅಡತಿ ಅಂಗಡಿಯಲ್ಲಿ ಚೀಲ ಬಿಚ್ಚಿ ರಾಶಿ ಸುರಿದ ಕ್ಷಣದಲ್ಲಿ ಚೀಟಿ ಗಡ್ಡೆಯಿಂದ ಬೇರೆಯಾಗುತ್ತದೆ. ತಕ್ಕಡಿಗೆ ಬರುವಾಗ ಯಾವ ಗಡ್ಡೆ ಯಾವ ಚೀಲದ್ದೆಂದು ದೇವರಿಗೇ ಗೊತ್ತು. ಮೇಲಾಗಿ ಆ ಹಸಿರು ಚಿಹ್ನೆಯಲ್ಲಿ ಗಿಡದ ಆಕಾರವಿದೆ. ಸಸ್ಯಾಹಾರದ ಹಸಿರು ಬೊಟ್ಟಿಗೆ ಹೊಂದಿಕೊಂಡ ಕಣ್ಣು ಅದನ್ನು ಸಾವಯವದ ಗುರುತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಸಾವಯವ ಪ್ರಮಾಣೀಕರಣದ ನಿಯಮಗಳು ವಿಕಿರಣವನ್ನು ನಿಷೇಧಿಸಿವೆ.

ಯುರೋಪಿನ ಒಕ್ಕೂಟ 1999ರಲ್ಲಿ ತಂದ ನಿರ್ದೇಶನಗಳು ಇಲ್ಲಿ ಗಮನಾರ್ಹ. ಕಿರಣ ಹಾಯ್ದ ಆಹಾರಕ್ಕೆ ಗುರುತು ಕಡ್ಡಾಯಗೊಳಿಸಿದ್ದಲ್ಲದೆ, ಸದಸ್ಯ ದೇಶಗಳು ಮಾರುಕಟ್ಟೆಯ ಮಾದರಿಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ವರದಿ ಮಾಡಬೇಕೆಂದೂ ಅವು ವಿಧಿಸಿದವು. ಆ ವರದಿಗಳಲ್ಲಿ ಗುರುತಿಲ್ಲದೆ ಕಿರಣ ಹಾಯ್ದ ಪದಾರ್ಥಗಳು ಮತ್ತೆ ಮತ್ತೆ ಸಿಕ್ಕಿಬಿದ್ದಿವೆ, ಅವುಗಳಲ್ಲಿ ಏಷ್ಯಾದಿಂದ ಹೋದವೂ ಇವೆ. ಅಲ್ಲಿ ಗುರುತಿನ ನಿಯಮವೂ ಪರೀಕ್ಷೆಯ ಕರ್ತವ್ಯವೂ ಒಟ್ಟಿಗೆ ಹುಟ್ಟಿದವು. ನಿಯಮದ ಮಾತು ನಿಜವೋ ಸುಳ್ಳೋ ಎಂದು ಸರ್ಕಾರವೇ ಪ್ರತಿ ವರ್ಷ ಮಾರುಕಟ್ಟೆಗೆ ಇಳಿದು ನೋಡಬೇಕಾಯಿತು.

ರೈತನಿಗೆ ಇದರಿಂದೇನು?

ಪತ್ತೆಯ ಬೇಡಿಕೆ ಪಟ್ಟಣದ ಗ್ರಾಹಕರ ಚೋದ್ಯವೆಂದು ತಳ್ಳಿಹಾಕುವವರಿದ್ದಾರೆ. ಆ ನಾಲ್ಕು ತಾಲ್ಲೂಕುಗಳ ಬೆಳೆಗಾರನ ದೃಷ್ಟಿಯಿಂದ ನೋಡಿದರೆ ಆ ಮಾತು ನಿಲ್ಲದು.

ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲಿಯೇ. ಇಂತಹ ಹೆಸರಿಗೆ ಬೆಲೆ ಬರುವುದು ನಂಬಿಕೆಯಿಂದ. ವಿಜಯಪುರದ ಒಣದ್ರಾಕ್ಷಿ ಯುರೋಪಿಗೆ ಹೋಗಬೇಕಾದರೆ, ಒಕ್ಕೂಟದ ಮಟ್ಟದಲ್ಲಿ ಕಿರಣಕ್ಕೆ ಅನುಮತಿ ಇರುವುದು ಒಣ ಸುಗಂಧ ಸಸ್ಯಗಳಿಗೂ ಮಸಾಲೆಗಳಿಗೂ ಮಾತ್ರ ಎಂಬುದನ್ನು ನೆನಪಿಡಬೇಕು. ಕೆಲವು ದೇಶಗಳ ಹಳೆಯ ಅನುಮತಿಗಳಷ್ಟೇ ಇದಕ್ಕೆ ಹೊರತು. ಗುರುತಿಲ್ಲದೆ ಕಿರಣ ಹಾಯ್ದ ಒಂದೇ ಒಂದು ಸರಕು ಅಲ್ಲಿ ಸಿಕ್ಕಿಬಿದ್ದರೆ ಕಳಂಕ ತಟ್ಟುವುದು ಇಡೀ ಸೀಮೆಗೆ. ತಪ್ಪು ಮಾಡಿದ ವ್ಯಾಪಾರಿ ಬೇರೊಂದು ಹೆಸರಿನಲ್ಲಿ ಮತ್ತೆ ವ್ಯಾಪಾರ ಮಾಡಬಲ್ಲ, ರೈತನಿಗೆ ತನ್ನ ಹೊಲದ ಹೆಸರು ಬದಲಿಸಲಾಗದು. ತನ್ನ ಫಲಕ್ಕೆ ಕಿರಣ ಹಾಯ್ದಿಲ್ಲವೆಂದು ಸಾಧಿಸಲು ಅವನಿಗೆ ಹತ್ತಿರದಲ್ಲಿ ಪ್ರಯೋಗಾಲಯ ಬೇಕು.

ಉಳ್ಳಾಗಡ್ಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕಿರಣ ಮೊಳಕೆಯನ್ನು ತಡೆಯುತ್ತದೆಯೇ ಹೊರತು ಕೊಳೆತವನ್ನಲ್ಲ. ತೆಲಗಿಯ ಹೆಸರು ಹೊತ್ತ ಕೆಂಪು ತಳಿಯೂ ಸೇರಿದಂತೆ ಈ ಭಾಗದ ಉಳ್ಳಾಗಡ್ಡಿಯ ಹೆಚ್ಚಿನ ಪಾಲು ಮುಂಗಾರಿನದು. ಮಳೆಗಾಲದ ಕೊನೆಗೆ ಕೀಳುವ, ನೀರಿನಂಶ ಹೆಚ್ಚಿರುವ ಆ ಗಡ್ಡೆಯ ಮುಖ್ಯ ಶತ್ರು ಕೊಳೆತ. ಕಿರಣ ಫಲ ಕೊಡಬೇಕಾದರೆ ಕಿತ್ತ ಗಡ್ಡೆ ಚೆನ್ನಾಗಿ ಆರಿರಬೇಕು, ಮೊಳಕೆ ಎಚ್ಚರಗೊಳ್ಳುವ ಮೊದಲೇ ಘಟಕ ತಲುಪಬೇಕು, ಅನಂತರವೂ ಒಳ್ಳೆಯ ಉಗ್ರಾಣದಲ್ಲಿ ಇರಬೇಕು. ಗಾಳಿಯಾಡುವ ಉಗ್ರಾಣವನ್ನೇ ಕಾಣದ ಹಳ್ಳಿಗೆ ಕೋಬಾಲ್ಟಿನ ಕೋಣೆಯನ್ನು ಪರಿಹಾರವೆಂದು ತೋರಿಸುವುದು, ಬಾಯಾರಿದವನಿಗೆ ಬಾವಿಯ ನಕ್ಷೆ ಕೊಟ್ಟಂತೆ. ಅಲ್ಲದೆ ದಾಸ್ತಾನು ಮಾಡುವ ಶಕ್ತಿ ಬೆಳೆಗಾರನ ಕೈಯಲ್ಲಿ ಉಳಿಯುವುದೋ ದೊಡ್ಡ ವ್ಯಾಪಾರಿಯ ಕೈಗೆ ಹೋಗುವುದೋ ಎಂಬುದನ್ನೂ ಕೇಳಬೇಕು. ಯಾವ ದಾಸ್ತಾನಿನಲ್ಲಿ ಕಿರಣ ಹಾಯ್ದ ಗಡ್ಡೆ ಎಷ್ಟಿದೆ ಎಂದು ಪತ್ತೆ ಮಾಡಬಲ್ಲ ವ್ಯವಸ್ಥೆ ಇದ್ದರೆ ಆ ಪ್ರಶ್ನೆಗೆ ಉತ್ತರವೂ ಸಿಕ್ಕೀತು.

ಘಟಕಗಳ ಸುತ್ತಲಿನ ಸುರಕ್ಷತೆಯನ್ನು ಮರೆಯಲಾಗದು. ಕೋಬಾಲ್ಟ್-60ರ ಅರ್ಧಾಯುಷ್ಯ ಸುಮಾರು ಐದೂಕಾಲು ವರ್ಷ. ಘಟಕ ನಿಂತುಹೋದರೂ ಅದು ಸುಮ್ಮನಿರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಯಲ್ಲಿ, ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಉಪಕರಣದೊಳಗಿದ್ದ ಕೋಬಾಲ್ಟ್-60 ಒಬ್ಬ ಬಡ ಕಾರ್ಮಿಕನ ಜೀವ ತೆಗೆಯಿತು, ಹಲವರನ್ನು ಆಸ್ಪತ್ರೆಗೆ ಸೇರಿಸಿತು. ಕಿರಣ ಹಾಯ್ದ ಗಡ್ಡೆಯಿಂದ ಇಂತಹ ಅಪಾಯವಿಲ್ಲ. ಅದನ್ನು ಹಾಯಿಸುವ ಮೂಲವಸ್ತುವಿನಿಂದ ಇದೆ. ಎರಡನ್ನೂ ಬೆರೆಸಿ ಹೆದರಿಸುವುದೂ ತಪ್ಪು, ಎರಡನೆಯದನ್ನು ಮುಚ್ಚಿಡುವುದೂ ತಪ್ಪು.

ಆಗಬೇಕಾದುದು

ಮೊದಲನೆಯದಾಗಿ, ಒಪ್ಪಿಗೆ ಪಡೆದ 100 ಪ್ರಯೋಗಾಲಯಗಳಲ್ಲಿ ಎಷ್ಟರಲ್ಲಿ ಕಿರಣ ಪತ್ತೆಯ ಉಪಕರಣಗಳಿರುತ್ತವೆ ಎಂಬುದು ಪ್ರಕಟವಾಗಬೇಕು. ಉತ್ತರ ಕರ್ನಾಟಕಕ್ಕೆ ಕನಿಷ್ಠ ಒಂದು ಅಂತಹ ಪ್ರಯೋಗಾಲಯ ಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯ ವಿಜಯಪುರದಲ್ಲಿಯೇ ಇದೆ. ಮೈಸೂರಿನಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಇವುಗಳ ಸಹಕಾರದಿಂದ ಸ್ಥಳೀಯ ಮಾದರಿಗಳ ಸಂಗ್ರಹ ಕಟ್ಟುವುದು ಅಸಾಧ್ಯವಲ್ಲ.

ಎರಡನೆಯದಾಗಿ, ಹೊಸ ಘಟಕಕ್ಕೆ ನೆರವು ಕೊಡುವಾಗ ಪತ್ತೆಯ ವ್ಯವಸ್ಥೆಯನ್ನು ಷರತ್ತಾಗಿ ವಿಧಿಸಬೇಕು. ಒಳಬಂದ ಮತ್ತು ಹೊರಹೋದ ಸರಕಿನ ಲೆಕ್ಕ ಗ್ರಾಮ ಪಂಚಾಯಿತಿಗೂ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೂ ದೊರೆಯಬೇಕು.

ಮೂರನೆಯದಾಗಿ, ಬಿಡಿಯಾಗಿ ಮಾರುವ ಪದಾರ್ಥಕ್ಕೆ ರಾಶಿಯ ಮುಂದೆ ಕನ್ನಡದಲ್ಲಿ ಬರೆದ ಫಲಕ ಇರಬೇಕು. ಹಸಿರು ಚಿಹ್ನೆಯೊಂದೇ ಸಾಲದು.

ನಾಲ್ಕನೆಯದಾಗಿ, ಇರುವ ಹಕ್ಕನ್ನು ಜನ ಬಳಸಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಮು, ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟಿದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಕಿರಣ ಪತ್ತೆಗೆ ಮಾದರಿ ಎಲ್ಲಿಗೆ ಹೋಗುತ್ತದೆ, ವರದಿ ಎಷ್ಟು ದಿನಗಳಲ್ಲಿ ಬರುತ್ತದೆ, ಕಳೆದ ವರ್ಷ ಎಷ್ಟು ಮಾದರಿಗಳ ಪರೀಕ್ಷೆ ನಡೆಯಿತು ಎಂಬ ಮೂರು ಪ್ರಶ್ನೆಗಳ ಒಂದು ಅರ್ಜಿ ಒಂದು ಸಭೆಯ ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡೀತು.

ವಿದ್ಯಾರ್ಥಿಗಳಿಗೂ ಇಲ್ಲಿ ಪಾತ್ರವಿದೆ. ಸಂತೆಯಿಂದ ತಂದ ಲಿಂಬೆಯ ಬೀಜಗಳನ್ನೂ ತೋಟದಿಂದ ಕಿತ್ತ ಲಿಂಬೆಯ ಬೀಜಗಳನ್ನೂ ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಇಟ್ಟು, ಎಷ್ಟು ಮೊಳೆತವು ಎಂದು ಬರೆದಿಡುವುದು ಯಾವ ಹಳ್ಳಿಯ ಶಾಲೆಯಲ್ಲಿಯೂ ಆಗುವ ಕೆಲಸ. ಇದರಿಂದ ಯಾರ ಮೇಲೂ ಆರೋಪ ಹೊರಿಸಲಾಗದು, ಹೊರಿಸಬಾರದು. ಒಂದು ಗುರುತು ಯಾವಾಗ ಸಾಕ್ಷ್ಯವಾಗುತ್ತದೆ, ಯಾವಾಗ ಬರಿಯ ಅನುಮಾನವಾಗಿ ಉಳಿಯುತ್ತದೆ ಎಂಬ ವಿವೇಕ ಅದರಿಂದ ಬರುತ್ತದೆ. ಪರಿಸರದ ಹೋರಾಟಕ್ಕೆ ಆ ವಿವೇಕ ಘೋಷಣೆಗಿಂತ ಮುಖ್ಯ.

ಮಲೆನಾಡಿನ ಬೆಳೆಗಾರ ಇದನ್ನು ಬಯಲುಸೀಮೆಯ ಚಿಂತೆಯೆಂದು ಬದಿಗಿಡುವಂತಿಲ್ಲ. ಮೆಣಸು ಏಲಕ್ಕಿಗಳ ವರ್ಗಕ್ಕೆ ಹಾಯುವ ಕಿರಣದ ಪ್ರಮಾಣ ಉಳ್ಳಾಗಡ್ಡಿಗಿಂತ ಬಹಳ ಹೆಚ್ಚು. ಸಾವಯವವೆಂದು ಮಾರಿದ ಮೆಣಸು ನಡುವಿನ ಉಗ್ರಾಣದಲ್ಲಿ ಏನಾಯಿತೆಂದು ತಿಳಿಯುವ ಹಂಬಲ ಶಿರಸಿಯ ಬೆಳೆಗಾರನಿಗೂ ಇಂಡಿಯ ಬೆಳೆಗಾರನಿಗೂ ಒಂದೇ. ಇಬ್ಬರೂ ಕೂಡಿ ಕೇಳಿದರೆ ದನಿಗೆ ಬಲ ಬರುತ್ತದೆ.

ಬಾಗೇವಾಡಿ ಬಸವಣ್ಣ ಹುಟ್ಟಿದ ನೆಲ. ನುಡಿಗೂ ನಡೆಗೂ ಅಂತರವಿರಬಾರದೆಂಬುದು ಆ ನೆಲ ಲೋಕಕ್ಕೆ ಕೊಟ್ಟ ತಿಳಿವು. ಚೀಲದ ಮೇಲಿನ ಚೀಟಿ ನುಡಿ, ಚೀಲದೊಳಗಿನ ಗಡ್ಡೆ ನಡೆ. ಎರಡೂ ಒಂದೇ ಎಂದು ಪರೀಕ್ಷಿಸಿ ಹೇಳಬಲ್ಲ ಪ್ರಯೋಗಾಲಯ ಆ ನೆಲದ ಹತ್ತಿರದಲ್ಲಿಯೇ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಐವತ್ತು ಘಟಕಗಳ ಗೋಡೆಗಳು ಏಳುವ ಮೊದಲು ಅದನ್ನು ಕೇಳಬೇಕು.